ಫ್ಲಾಪಿಯೊಳಗೆ ಸಿಕ್ಕಿಕೊಂಡ ಕನ್ನಡ

ರಾಂಪುರಕ್ಕೆ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷ ದಾಟಿದರೂ ಕಲ್ಲು ಉಳಿದಿತ್ತು. ನಡುವೆ ಕಳೆದುಹೋಗಿದ್ದು ಓದುವ ವಿದ್ಯೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿರದಿದ್ದರೆ ರೈಸ್ ಅವರಿಗೂ ಅದು ಬರೀ ಗೆರೆಯಾಗಿರುತ್ತಿತ್ತು. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಆದರೆ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ, ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದ. ಬ್ರಾಹ್ಮಿಯನ್ನಷ್ಟೇ ಬಲ್ಲವನಿಗೆ ಆ ಪದ ಅರ್ಥವಾಗದ ಗೀಚು.

ಇಂಥ ಗೀಚಿನ ಪರಿಚಯ 1990ರ ದಶಕದಲ್ಲಿ ಡಿ.ಟಿ.ಪಿ. ಮಾಡಿದವರಿಗೆಲ್ಲ ಇದೆ. ಕೆ.ಪಿ. ರಾವ್ ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟಿದ್ದರು. ಆಕೃತಿ, ಶ್ರೀಲಿಪಿ, 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೂ ಬಳಕೆಗೆ ಬಂದವು. ಆಗ ಬರಹವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಫ್ಲಾಪಿಯೇ ಗತಿ. ಮೂರೂವರೆ ಅಂಗುಲದ ಒಂದು ಫ್ಲಾಪಿಗೆ ಹಿಡಿಯುತ್ತಿದ್ದುದು 1.44 ಮೆಗಾಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಅದು ಸಾಲದು. ಅಂದು ಒಂದು ಇಡೀ ಪುಸ್ತಕದ ಪಠ್ಯ ಅದರಲ್ಲಿ ಕೂರುತ್ತಿತ್ತು.

ಫ್ಲಾಪಿಯೆಂದರೆ ಕಾಂತೀಯ ಲೇಪವಿರುವ ತೆಳು ಪ್ಲಾಸ್ಟಿಕ್ ತಟ್ಟೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಲೇಪ ಸಡಿಲವಾಗುತ್ತದೆ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಹೊಸ ಕಂಪ್ಯೂಟರುಗಳಲ್ಲಿ ಅದನ್ನು ತೂರಿಸುವ ಕಿಂಡಿಯೇ ಇಲ್ಲ. ಮೂರೂವರೆ ಅಂಗುಲದ್ದಕ್ಕೆ ಯು.ಎಸ್.ಬಿ. ಡ್ರೈವ್ ಸಿಗುತ್ತದೆ. ಐದೂಕಾಲು ಅಂಗುಲದ್ದಕ್ಕೆ ಹಳೆಯ ಡ್ರೈವನ್ನೇ ಹುಡುಕಿ, ಗ್ರೀಸ್‌ವೀಜಲ್‌ನಂಥ ಸಣ್ಣ ಸಾಧನದ ಮೂಲಕ ಜೋಡಿಸಬೇಕು. ಅದು ಕಡತಗಳನ್ನು ಹುಡುಕುವುದಿಲ್ಲ. ತಟ್ಟೆಯ ಮೇಲಿನ ಕಾಂತೀಯ ಏರುಪೇರುಗಳನ್ನೇ ಇದ್ದಂತೆ ದಾಖಲಿಸುತ್ತದೆ. ಕಳ್ಳ ನಕಲು ತಡೆಯಲೆಂದು ಕೆಲವು ತಯಾರಕರು ತಟ್ಟೆಯ ಕೆಲ ಭಾಗಗಳನ್ನು ಬೇಕೆಂದೇ ವಿಚಿತ್ರವಾಗಿ ಬರೆಯುತ್ತಿದ್ದರು. ಸಾಮಾನ್ಯ ನಕಲಿಗೆ ಅವು ಸಿಗುವುದಿಲ್ಲವಾದ್ದರಿಂದ ಈ ಸಾಧನವೇ ಬೇಕು. ಹೀಗೆ ತೆಗೆದ ಪ್ರತಿಯಲ್ಲಿನ ಡಾಸ್ ಕಾಲದ ತಂತ್ರಾಂಶವನ್ನು ಡಾಸ್‌ಬಾಕ್ಸ್ ಎಂಬ ಅನುಕರಣ ತಂತ್ರಾಂಶದಲ್ಲಿ ಮತ್ತೆ ನಡೆಸಬಹುದು. ಫ್ಲಾಪಿಯನ್ನು ಡ್ರೈವಿಗೆ ಹಾಕುವ ಮುನ್ನ ಮೂಲೆಯ ಪುಟ್ಟ ಕಿಟಕಿಯನ್ನು ಸರಿಸಿ ತೆರೆದಿಡಿ, ಆಗ ಅಕಸ್ಮಾತ್ತಾಗಿಯೂ ಅದರ ಮೇಲೆ ಏನೂ ಬರೆಯಲಾಗದು.

ಇಷ್ಟಾದರೂ ಕಡತ ತೆರೆದಾಗ ಕನ್ನಡ ಕಾಣದೆ ಹೋಗಬಹುದು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ಪಿ, ಪೌಂಡ್ ಹಣದ ಚಿಹ್ನೆ, ಜರ್ಮನ್ನರ ಜೋಡಿ ಎಸ್, ಕ್ಯೂ, ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ ಎ ಆಗಿ ಮೂಡುತ್ತದೆ. ಅಂದಿನ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದವು. ತಲಕಟ್ಟಿಗೊಂದು ಜಾಗ, ಒತ್ತಿಗೊಂದು ಜಾಗ. ಒಬ್ಬೊಬ್ಬ ತಯಾರಕರದು ಒಂದೊಂದು ಕ್ರಮ. ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಮನೆಯ ಕಂಪ್ಯೂಟರಿಗೆ ಅದು ತಲುಪಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷಗಳ ಬರಹಕ್ಕೇ ಇಂದು ಹೆಚ್ಚು ಅಪಾಯ ಎಂಬುದು ನನ್ನ ಅನಿಸಿಕೆ.

ನುಡಿ, ಬರಹಗಳ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಅಷ್ಟು ಬಳಕೆಯಲ್ಲಿಲ್ಲದ ಫಾಂಟಾದರೆ, ಅದೂ ಕಳೆದುಹೋಗಿದ್ದರೆ, ಅದೇ ಬರಹದ ಅಚ್ಚಾದ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು ಯಾವ ಚಿಹ್ನೆ ಯಾವ ಅಕ್ಷರ ಎಂದು ಒಂದೊಂದಾಗಿ ಹೊಂದಿಸಬೇಕು. ಮತ್ತೆ ಮತ್ತೆ ಬರುವ ಪದಗಳಿಂದ ಶುರುಮಾಡುವುದು ಸುಲಭ. ಪ್ರಿನ್ಸೆಪ್ ಮಾಡಿದ್ದೂ ಅದನ್ನೇ. ಸಾಂಚಿಯ ಚಿಕ್ಕ ಚಿಕ್ಕ ಬರಹಗಳೆಲ್ಲ ಒಂದೇ ಬಗೆಯ ಎರಡು ಅಕ್ಷರಗಳಲ್ಲಿ ಮುಗಿಯುವುದನ್ನು ಕಂಡು, ಅದು ‘ದಾನಂ’ ಇರಬೇಕೆಂದು ಊಹಿಸಿದ.