ಮುಂಬೈ ಹವಾಮಾನ ಕ್ರಿಯಾ ಯೋಜನೆ: ಜಲ ನಿರ್ವಹಣೆ

ಬೃಹನ್ಮುಂಬೈ ಮಹಾನಗರಪಾಲಿಕೆ ಹವಾಮಾನ ಬದಲಾವಣೆಯನ್ನು ಎದುರಿಸಲು ರೂಪಿಸಿ, 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ನಗರಮಟ್ಟದ ಯೋಜನೆ. ಇಂಗಾಲದ ನಿವ್ವಳ ಶೂನ್ಯ ಹೊರಸೂಸುವಿಕೆಗೆ 2050ರ ಗಡುವನ್ನು ಇಟ್ಟುಕೊಂಡಿರುವ ಇದರ ಆರು ಕಾರ್ಯಕ್ಷೇತ್ರಗಳಲ್ಲಿ ನಗರ ಪ್ರವಾಹ ಮತ್ತು ಜಲಸಂಪನ್ಮೂಲ ನಿರ್ವಹಣೆ ಒಂದು.

ಹಿನ್ನೆಲೆ: 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಗಂಟೆಗೆ 25 ಮಿ.ಮೀ. ಮಳೆಗೆಂದು ಕಟ್ಟಿದ್ದ ಹಳೆಯ ಚರಂಡಿಗಳು ಇದನ್ನು ತಾಳಲಿಲ್ಲ. ಅವುಗಳ ಸಾಮರ್ಥ್ಯವನ್ನು 50 ಮಿ.ಮೀ.ಗೆ ಏರಿಸುವ 1993ರ ಬ್ರಿಮ್‌ಸ್ಟೋವಾಡ್ (ಬೃಹನ್ಮುಂಬೈ ಮಳೆನೀರು ಹರಿವು ವ್ಯವಸ್ಥೆ) ವರದಿಯ ಶಿಫಾರಸಿಗೆ ಅನಂತರವೇ ವೇಗ ದೊರೆಯಿತು.

ನೀರಿನ ಮೂಲ: ನಗರಕ್ಕೆ ನೀರು ಏಳು ಜಲಾಶಯಗಳಿಂದ ಬರುತ್ತದೆ. ನಗರದೊಳಗಿನ ವಿಹಾರ್ (1860) ಮತ್ತು ತುಳಸಿ (1879) ಚಿಕ್ಕವು; ತಾನ್ಸಾ, ಮೋಡಕ್ ಸಾಗರ್, ಮೇಲಿನ ಮತ್ತು ಮಧ್ಯ ವೈತರಣಾ, ಭಾತ್ಸಾ ಜಲಾಶಯಗಳು ನಗರದ ಹೊರಗಿವೆ. ಇವೆಲ್ಲ ತುಂಬುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಿಂದ. ಮುಂಗಾರು ತಡವಾದ ವರ್ಷಗಳಲ್ಲಿ ಪಾಲಿಕೆ ಪೂರೈಕೆಯಲ್ಲಿ ಶೇಕಡಾವಾರು ಕಡಿತ ಮಾಡುತ್ತದೆ.

ಮುಖ್ಯ ಕ್ರಮಗಳು: ಮಳೆನೀರು ಸಂಗ್ರಹ, ಸೋರಿಕೆ ತಡೆ, ನೀರು ಇಂಗುವ ನೆಲದ ವಿಸ್ತರಣೆ, ತ್ಯಾಜ್ಯನೀರಿನ ಮರುಬಳಕೆ.

ಒಂದು ನಿದರ್ಶನ, ಘಾಟ್ಕೋಪರ್: ಪಾಲಿಕೆಯ ‘ಎನ್’ ವಾರ್ಡಿಗೆ ಸೇರಿದ ಈ ಪೂರ್ವ ಉಪನಗರದಲ್ಲಿ ಪಶ್ಚಿಮಕ್ಕೆ ಗುಡ್ಡದ ಇಳಿಜಾರಿನ ವಸತಿಗಳೂ ಪೂರ್ವಕ್ಕೆ ಥಾಣೆ ಖಾರಿಯ ಕಾಂಡ್ಲಾ ಕಾಡೂ ಇವೆ. ಗುಡ್ಡದ ಕಡೆ ಭೂಕುಸಿತ, ತಗ್ಗಿನಲ್ಲಿ ನೀರು ನಿಲ್ಲುವುದು ಇಲ್ಲಿನ ಮಳೆಗಾಲದ ಅಪಾಯಗಳು. ತ್ಯಾಜ್ಯನೀರಿನ ವಿಷಯಕ್ಕೆ ಬಂದರೆ, ಮುಂಬೈಯಲ್ಲಿ ನಿರ್ಮಾಣಕ್ಕೆ ಕೈಗೆತ್ತಿಕೊಂಡ ಏಳು ಹೊಸ ತ್ಯಾಜ್ಯನೀರು ಶುದ್ಧೀಕರಣ ಘಟಕಗಳಲ್ಲಿ ಒಂದು ಘಾಟ್ಕೋಪರಿನದು. ಅದರ ಯೋಜಿತ ಸಾಮರ್ಥ್ಯ ದಿನಕ್ಕೆ 33.7 ಕೋಟಿ ಲೀಟರ್.