ಹ್ಯಾಕಿಂಗ್ ಆಟಗಳು: ‘ಅಪ್‌ಲಿಂಕ್’ ಮತ್ತು ಅದರ ಪೂರ್ವೋತ್ತರ

ಪರರ ಗಣಕಯಂತ್ರಗಳೊಳಗೆ ಅನುಮತಿಯಿಲ್ಲದೆ ಪ್ರವೇಶಿಸಿ ಅಲ್ಲಿಯ ಕಡತಗಳನ್ನು ಅಪಹರಿಸುವ ಇಲ್ಲವೆ ತಿದ್ದುವ ಕೃತ್ಯವನ್ನು, ನಿಜವಾದ ಯಾವ ಯಂತ್ರಕ್ಕೂ ಬಾಧೆ ತಟ್ಟದಂತೆ, ಕೇವಲ ವಿನೋದಾರ್ಥವಾಗಿ ಪರದೆಯ ಮೇಲೆ ಅಭಿನಯಿಸಲು ಆಸ್ಪದ ಕೊಡುವ ಕಂಪ್ಯೂಟರ್ ಆಟಗಳಿಗೆ ಹ್ಯಾಕಿಂಗ್ ಆಟಗಳೆಂದು ಹೆಸರು. 1980ರ ದಶಕದ ಮಧ್ಯಭಾಗದಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ತಲೆದೋರಿದ ಈ ಪ್ರಕಾರವು, 2001ರಲ್ಲಿ ಇಂಗ್ಲೆಂಡಿನ ‘ಇಂಟ್ರೊವರ್ಷನ್ ಸಾಫ್ಟ್‌ವೇರ್’ ಎಂಬ ಕಿರುಸಂಸ್ಥೆ ಹೊರತಂದ ‘ಅಪ್‌ಲಿಂಕ್’ ಆಟದಲ್ಲಿ ತನ್ನ ಪರಿಪಕ್ವ ರೂಪವನ್ನು ಪಡೆಯಿತು.

ಈ ಆಟಗಳ ಮೂಲವನ್ನರಸಿ ಹೊರಟವನು ಗಣಕಶಾಸ್ತ್ರದ ಪ್ರಯೋಗಶಾಲೆಗಿಂತ ಮೊದಲು ಚಿತ್ರಮಂದಿರದ ಬಾಗಿಲನ್ನು ತಟ್ಟಬೇಕಾಗುತ್ತದೆ. 1983ರಲ್ಲಿ ತೆರೆಕಂಡ, ಜಾನ್ ಬ್ಯಾಡಮ್ ನಿರ್ದೇಶಿಸಿದ ‘ವಾರ್‌ಗೇಮ್ಸ್’ ಚಿತ್ರದಲ್ಲಿ ಪ್ರೌಢಶಾಲೆಯ ಹುಡುಗನೊಬ್ಬನು ತನ್ನ ಕೋಣೆಯಲ್ಲಿ ಕುಳಿತು, ಟೆಲಿಫೋನಿನ ರಿಸೀವರನ್ನು ಮೋಡೆಮ್ಮಿನ ಮೇಲೆ ಒರಗಿಸಿ ಸಾಲುಸಾಲಾಗಿ ಸಂಖ್ಯೆಗಳಿಗೆ ಕರೆಮಾಡುತ್ತ, ಆಟಗಳನ್ನು ತಯಾರಿಸುವ ಕಂಪನಿಯೆಂದು ಭ್ರಮಿಸಿ ಅಮೆರಿಕದ ಕ್ಷಿಪಣಿಗಳನ್ನಾಳುವ ಯಂತ್ರದೊಳಗೆ ಹೊಕ್ಕು, ಲೋಕವನ್ನೇ ಅಣುಯುದ್ಧದ ಅಂಚಿಗೆ ತಂದು ನಿಲ್ಲಿಸುತ್ತಾನೆ. ಚಿತ್ರವನ್ನು ಕಂಡ ಅಧ್ಯಕ್ಷ ರೇಗನ್ ಇಂಥದು ನಿಜವಾಗಿಯೂ ನಡೆದೀತೆ ಎಂದು ತಮ್ಮ ಸೇನಾಧಿಕಾರಿಗಳನ್ನು ವಿಚಾರಿಸಿದರು. ಮರುವರ್ಷ ಸರ್ಕಾರದ ಗಣಕಗಳ ಭದ್ರತೆಯನ್ನು ಕುರಿತು ರಾಷ್ಟ್ರಾಜ್ಞೆಯೊಂದು ಹೊರಟಿತು. ಅಧ್ಯಕ್ಷರ ನಿದ್ದೆಗೆಡಿಸಿದ ಕೌತುಕವು ಮನೆಮನೆಯ ಸ್ಪೆಕ್ಟ್ರಮ್, ಕಮಡೋರ್ ಯಂತ್ರಗಳ ಮುಂದೆ ಕುಳಿತಿದ್ದ ಹುಡುಗರನ್ನು ಬಿಟ್ಟೀತೆ? 1984ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ‘ಸಿಸ್ಟಮ್ 15000’ ಎಂಬ ಆಟದಲ್ಲಿ, ಚಿತ್ರವಾಗಲಿ ಬಣ್ಣವಾಗಲಿ ಅಷ್ಟಾಗಿ ಇಲ್ಲದೆ, ದೂರವಾಣಿ ಸಂಖ್ಯೆಗಳನ್ನೂ ಸಂಕೇತಪದಗಳನ್ನೂ ಒಂದರಿಂದೊಂದಾಗಿ ಊಹಿಸಿ, ಕಳುವಾದ ಹಣವನ್ನು ಮರಳಿ ತರುವುದೇ ಆಟಗಾರನ ಕಾರ್ಯವಾಗಿದ್ದಿತು.

1985ರಲ್ಲಿ ಆಕ್ಟಿವಿಷನ್ ಸಂಸ್ಥೆಗಾಗಿ ಸ್ಟೀವ್ ಕಾರ್ಟ್‌ರೈಟ್ ರಚಿಸಿದ ‘ಹ್ಯಾಕರ್’ ಇದಕ್ಕಿಂತ ಚತುರವಾದ ಕೃತಿ. ಅದರ ಪೆಟ್ಟಿಗೆಯಲ್ಲಿ ಆಟದ ವಿಧಾನವನ್ನು ತಿಳಿಸುವ ಸೂಚನೆಗಳೇ ಇರಲಿಲ್ಲ. ಯಂತ್ರವನ್ನು ಚಾಲೂ ಮಾಡಿದೊಡನೆ ಬರಿದಾದ ಪರದೆಯ ಮೇಲೆ ಪ್ರವೇಶಪದವನ್ನು ಕೇಳುವ ಒಂದೇ ಒಂದು ಸಾಲು ಮೂಡುತ್ತಿದ್ದಿತು. ಇದು ಯಾರ ಯಂತ್ರ, ತಾನಿಲ್ಲಿ ಮಾಡಬೇಕಾದುದೇನು ಎಂಬುದನ್ನು ಆಟಗಾರನೇ ತಡಕಾಡಿ ತಿಳಿದುಕೊಳ್ಳಬೇಕಾಗಿದ್ದಿತು. ಈ ಪ್ರಥಮ ಕ್ಷಣದ ದಿಗ್ಭ್ರಮೆಯೇ ಆಟದ ಪ್ರಾಣ. ಬಳಿಕ ಬರುವ ಭಾಗ, ಎಂದರೆ ಭೂಗರ್ಭದ ಸುರಂಗಗಳಲ್ಲಿ ಯಂತ್ರವೊಂದನ್ನು ಓಡಿಸಿ, ದೇಶದೇಶಗಳ ಗೂಢಚಾರರಿಗೆ ಅವರು ಬಯಸಿದ ವಸ್ತುಗಳನ್ನಿತ್ತು, ಹರಿದುಹೋದ ದಾಖಲೆಯೊಂದರ ಚೂರುಗಳನ್ನು ಕೂಡಿಸುವ ಭಾಗ, ಸಾಧಾರಣವಾದ ವ್ಯಾಪಾರದಾಟವೇ ಸರಿ. ಅದೇ 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ತನ್ನ ಕಚೇರಿಯನ್ನು ಉಪಗ್ರಹದ ಮೂಲಕ ಹೊರದೇಶದೊಡನೆ ಬೆಸೆಯುವ ಏರ್ಪಾಟಿಗೆ ತೊಡಗಿದ್ದಿತೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಸಾಮಾನ್ಯ ಜನರಿಗೆ ಇಂಟರ್ನೆಟ್ ದೊರೆತುದಾದರೋ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಅದನ್ನು ತೆರೆದ ಮೇಲೆಯೇ. ಆದುದರಿಂದ ನಮ್ಮಲ್ಲಿ ಈ ಬಗೆಯ ಕ್ರೀಡೆಗೆ ನೆಲ ಹದವಾದುದು ತಡವಾಗಿ.

ಕಾನೂನಿಗೂ ಈ ಆಟಗಳಿಗೂ ಜೊತೆಜೊತೆಯಾಗಿ ಸಾಗಿದ ಚರಿತ್ರೆಯಿದೆ. ಬ್ರಿಟಿಷ್ ಟೆಲಿಕಾಮ್‌ನ ‘ಪ್ರೆಸ್ಟೆಲ್’ ಜಾಲದೊಳಗೆ ನುಸುಳಿ ರಾಜಕುಮಾರ ಫಿಲಿಪ್ಪರ ಪತ್ರಪೆಟ್ಟಿಗೆಯನ್ನೇ ತೆರೆದ ರಾಬರ್ಟ್ ಶಿಫ್ರೀನ್ ಮತ್ತು ಸ್ಟೀವ್ ಗೋಲ್ಡ್ ಎಂಬಿಬ್ಬರನ್ನು, ಇಂಥ ಕೃತ್ಯಕ್ಕೆ ತಕ್ಕ ಶಾಸನವೇ ಇಲ್ಲವೆಂಬ ಕಾರಣದಿಂದ, 1988ರಲ್ಲಿ ಹೌಸ್ ಆಫ್ ಲಾರ್ಡ್ಸ್ ನಿರ್ದೋಷಿಗಳೆಂದು ಎತ್ತಿಹಿಡಿಯಿತು. 1990ರ ಕಂಪ್ಯೂಟರ್ ದುರುಪಯೋಗ ಕಾಯಿದೆ ಆ ಕೊರತೆಯನ್ನು ತುಂಬಿತು. ವಿಲಿಯಂ ಗಿಬ್ಸನ್ನರ ಕಾದಂಬರಿಯನ್ನಾಧರಿಸಿ ಇಂಟರ್‌ಪ್ಲೇ ಸಂಸ್ಥೆ 1988ರಲ್ಲಿ ಹೊರತಂದ ‘ನ್ಯೂರೊಮ್ಯಾನ್ಸರ್’ ಇದೇ ಕಾಲದ್ದು. ಅದರ ನಂತರ ಒಂದು ದಶಕಕ್ಕೂ ಮಿಕ್ಕಿ ಈ ಪ್ರಕಾರದಲ್ಲಿ ಗಣನೀಯವಾದುದು ವಿರಳ.

‘ಅಪ್‌ಲಿಂಕ್’ ಆಟವನ್ನು ರಚಿಸಿದವನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಓದಿದ ಕ್ರಿಸ್ ಡಿಲೇ. ಅವನ ಸಹಪಾಠಿಗಳಾದ ಮಾರ್ಕ್ ಮಾರಿಸ್ ಮತ್ತು ಥಾಮಸ್ ಅರುಂಡೆಲ್ ವ್ಯವಹಾರದ ಭಾರವನ್ನು ಹೊತ್ತರು. ಪ್ರಕಾಶಕರ ಹಂಗಿಲ್ಲದೆ, ಅತ್ಯಲ್ಪ ಬಂಡವಾಳದಿಂದ, ಸಿಡಿಗಳನ್ನು ತಾವೇ ಸಿದ್ಧಪಡಿಸಿ ಅಂಚೆಯ ಮೂಲಕ ಕಳುಹಿಸುತ್ತಿದ್ದ ಈ ತರುಣರು ಮಲಗುವ ಕೋಣೆಯಲ್ಲಿಯೇ ಪ್ರೋಗ್ರಾಂ ಬರೆಯುವವರ ಕುಲದಲ್ಲಿ ತಾವೇ ಕಟ್ಟಕಡೆಯವರೆಂದು ಹೇಳಿಕೊಂಡರು. ಹೇಳಿಕೆ ದಿಟವಾಗಲಿಲ್ಲ, ಏಕೆಂದರೆ ಅವರ ಹಿಂದೆಯೇ ಅಂಥವರ ದೊಡ್ಡ ಪೀಳಿಗೆಯೊಂದು ಬಂದಿತು.

ಆಟದ ಕಥೆ ಆಗ ಭವಿಷ್ಯವಾಗಿದ್ದ 2010ನೆಯ ವರ್ಷದಲ್ಲಿ ನಡೆಯುತ್ತದೆ. ಅಪ್‌ಲಿಂಕ್ ಎಂಬ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದ ಏಜೆಂಟನಿಗೆ ದೂರದ ನಗರವೊಂದರಲ್ಲಿ ‘ಗೇಟ್‌ವೇ’ ಎಂಬ ಯಂತ್ರವೂ ತುಸು ಸಾಲದ ಹಣವೂ ದೊರೆಯುತ್ತವೆ. ಮೊದಲು ಸುಲಭವಾದ ಕಡತದ ಕಳವು. ಅನಂತರ ಶೈಕ್ಷಣಿಕ ದಾಖಲೆಗಳ ತಿದ್ದುಪಡಿ, ಬ್ಯಾಂಕಿನ ಹಣದ ವರ್ಗಾವಣೆ, ನಿರಪರಾಧಿಯ ತಲೆಗೆ ಅಪರಾಧವನ್ನು ಕಟ್ಟುವಂಥ ಹೇಯ ಕಾರ್ಯಗಳವರೆಗೆ ಏಣಿ ಏರುತ್ತದೆ. ಕಡುನೀಲಿಯ ಪರದೆಯಲ್ಲಿ ಲೋಕದ ನಕಾಶೆ, ಕೆಲವು ಗುಂಡಿಗಳು, ಅಕ್ಷರಗಳ ಸಾಲು: ಇಷ್ಟೇ ಅದರ ಅಲಂಕಾರ. ಪಾಸ್‌ವರ್ಡ್ ಮುರಿಯುವ ಸಾಧನವನ್ನು ಹಚ್ಚಿದೊಡನೆ ಅಕ್ಷರಗಳು ಗಿರಗಿರನೆ ತಿರುಗಿ ಒಂದೊಂದಾಗಿ ನೆಲೆಗೊಳ್ಳುವುದೂ, ಅಧಿಕಾರಿಯೊಬ್ಬನಿಗೆ ದೂರವಾಣಿ ಮಾಡಿ ಅವನ ಧ್ವನಿಯನ್ನು ಮುದ್ರಿಸಿಕೊಂಡು ಅದನ್ನೇ ಕೀಲಿಯಾಗಿ ಬಳಸುವುದೂ ಚಲಚ್ಚಿತ್ರಗಳಿಂದ, ವಿಶೇಷವಾಗಿ 1992ರ ‘ಸ್ನೀಕರ್ಸ್’ ಚಿತ್ರದಿಂದ, ಎತ್ತಿಕೊಂಡ ಸಂಗತಿಗಳು. ನಿಜವಾದ ಹ್ಯಾಕಿಂಗ್ ಹೀಗಿರುವುದಿಲ್ಲವೆಂದು ದೂರುವುದು ಸುಲಭ. ಆದರೆ ಇದು ಯಂತ್ರದ ಅನುಕರಣೆಯಲ್ಲ, ಚಿತ್ರಮಂದಿರದಲ್ಲಿ ಕಂಡ ಹ್ಯಾಕರನ ಅನುಕರಣೆ. ಆ ಮಿತಿಯನ್ನು ಮುಚ್ಚಿಡದೆ ಅದನ್ನೇ ಶೈಲಿಯನ್ನಾಗಿಸಿಕೊಂಡಿರುವುದು ಅದರ ಬುದ್ಧಿವಂತಿಕೆ.

ಆಟದ ನಿಜವಾದ ವಸ್ತು ಒಳಹೊಗುವುದಲ್ಲ, ಜಾಡನ್ನು ಅಳಿಸಿ ಪಾರಾಗುವುದು. ಗುರಿಯ ಯಂತ್ರವನ್ನು ನೇರವಾಗಿ ಮುಟ್ಟದೆ ಹತ್ತಾರು ನಡುಯಂತ್ರಗಳ ಮೂಲಕ ಹಾಯ್ದುಹೋಗುವುದು ಇಲ್ಲಿಯ ಮೊದಲ ಪಾಠ. ಹಿಟ್ನಾಳದಿಂದ ಕೊಪ್ಪಳಕ್ಕೆ ಹೆದ್ದಾರಿ ಹಿಡಿದು ನೆಟ್ಟಗೆ ಹೋಗಬಲ್ಲವನು, ಬೆನ್ನುಹತ್ತಿದವರನ್ನು ದಣಿಸಲೆಂದೇ ಗಂಗಾವತಿಗೆ ಹೊರಳಿ, ಕುಷ್ಟಗಿಗೆ ಹೋಗಿ, ಯಲಬುರ್ಗಿಯನ್ನು ಬಳಸಿ ಕೊಪ್ಪಳವನ್ನು ಸೇರಿದರೆ, ಹಿಂಬಾಲಿಸುವವನು ಪ್ರತಿಯೊಂದು ಊರಿನ ಬಸ್ ನಿಲ್ದಾಣದಲ್ಲಿಯೂ ನಿಂತು ವಿಚಾರಿಸಬೇಕಾಗುತ್ತದಷ್ಟೆ. ಆಟದ ಪತ್ತೆದಾರರ ಪಾಡೂ ಅದೇ. ಸುತ್ತು ದೊಡ್ಡದಾದಷ್ಟೂ ಸಮಯ ಹೆಚ್ಚು. ಪತ್ತೆ ಆರಂಭವಾದೊಡನೆ ‘ಟ್ರೇಸ್ ಟ್ರ್ಯಾಕರ್’ ಎಂಬ ಸಾಧನ ಟಿಕ್ ಟಿಕ್ ಎಂದು ಸದ್ದುಮಾಡತೊಡಗುತ್ತದೆ. ಬೆನ್ನಟ್ಟುವವರು ಸಮೀಪಿಸಿದಂತೆ ಆ ಸದ್ದು ತ್ವರಿತವಾಗುತ್ತದೆ. ಅರ್ಧ ನಕಲಾದ ಕಡತ, ಏರುತ್ತಿರುವ ಸದ್ದು, ಸಂಪರ್ಕವನ್ನು ಕಡಿಯಲೋ ಇನ್ನೆರಡು ಕ್ಷಣ ಕಾಯಲೋ ಎಂಬ ತೂಗಾಟ; ಈ ಆಟವನ್ನು ಆಡಿದವರು ವರ್ಷಗಳ ಬಳಿಕವೂ ಮೊದಲು ನೆನೆಯುವುದು ಆ ಸದ್ದನ್ನೇ.

ಕಡಿದುಕೊಂಡರೂ ಕಾರ್ಯ ಮುಗಿಯುವುದಿಲ್ಲ. ಹಾಯ್ದುಬಂದ ಪ್ರತಿಯೊಂದು ಯಂತ್ರವೂ ತನ್ನ ‘ಲಾಗ್’ ದಾಖಲೆಯಲ್ಲಿ ಬಂದುಹೋದವರ ವಿಳಾಸವನ್ನು ಬರೆದಿಟ್ಟಿರುತ್ತದೆ. ಪತ್ತೆದಾರರು ನಿಧಾನವಾಗಿ ಒಂದೊಂದು ಲಾಗನ್ನೂ ಓದುತ್ತ ಹಿಂದೆ ನಡೆದುಬರುತ್ತಾರೆ. ಆದಕಾರಣ ಬಲ್ಲ ಆಟಗಾರನು ಮೊದಲ ನಿಲ್ದಾಣವನ್ನಾಗಿ ‘ಇಂಟರ್‌ನಿಕ್’ ಯಂತ್ರವನ್ನು ಆರಿಸಿ, ಕೆಲಸವಾದ ಮೇಲೆ ಅಲ್ಲಿಗೆ ಮರಳಿ ತನ್ನ ಗುರುತನ್ನು ಅಳಿಸುತ್ತಾನೆ. ಅಗ್ಗದ ಸಾಧನದಿಂದ ಅಳಿಸಿದರೆ ಅಳಿಸಿದ ಜಾಗ ಖಾಲಿಯಾಗಿಯೇ ಉಳಿದು ಸಂಶಯಕ್ಕೆ ಎಡೆಗೊಡುತ್ತದೆಂಬ ಸೂಕ್ಷ್ಮವನ್ನೂ ಕರ್ತೃ ಮರೆತಿಲ್ಲ. ಸಿಕ್ಕಿಬಿದ್ದವನನ್ನು ಸಂಸ್ಥೆ ತನ್ನವನಲ್ಲವೆಂದು ಕೈಬಿಡುತ್ತದೆ. ಅಲ್ಲಿಗೆ ಆ ಏಜೆಂಟನ ಬಾಳು ಮುಗಿಯಿತು, ಹಿಂದಿನ ಸ್ಥಿತಿಗೆ ಮರಳುವ ಉಪಾಯವಿಲ್ಲ. ಇದರ ಬೆನ್ನಿಗೆ ಮಹಾಕಥೆಯೊಂದೂ ಇದೆ: ಇಂಟರ್ನೆಟ್ಟನ್ನೇ ನಾಶಮಾಡಬಲ್ಲ ‘ರೆವೆಲೇಷನ್’ ಎಂಬ ವೈರಸ್, ಅದನ್ನು ಹರಡಹೊರಟ ಸಂಸ್ಥೆಯೊಂದು, ತಡೆಯಹೊರಟ ‘ಅರುನ್‌ಮೋರ್’ ಇನ್ನೊಂದು. ಸುದ್ದಿಗಳನ್ನು ಓದದೆ ದುಡ್ಡಿನ ಹಿಂದೆಯೇ ಬಿದ್ದವನಿಗೆ ಈ ಕಥೆ ತನ್ನ ಪಾಡಿಗೆ ತಾನು ನಡೆದುಹೋಗುವುದುಂಟು. ಕಥಾನಾಯಕನನ್ನು ಕಾಯದ ಕಥೆ ಆ ಕಾಲದ ಆಟಗಳಲ್ಲಿ ಅಪೂರ್ವವಾಗಿದ್ದಿತು.

ಬ್ರಿಟನ್ನಿನಂತೆ ನಮ್ಮಲ್ಲಿಯೂ ಕಾನೂನು ಇಂಥ ಕೃತ್ಯಗಳ ಬೆನ್ನುಹತ್ತಿತು: ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಅದರ 66ನೆಯ ಪ್ರಕರಣವು ಗಣಕದಲ್ಲಿರುವ ಮಾಹಿತಿಯನ್ನು ಹಾನಿಯೆಸಗುವ ಉದ್ದೇಶದಿಂದ ನಾಶಪಡಿಸುವುದನ್ನೂ ಅಳಿಸುವುದನ್ನೂ ಬದಲಿಸುವುದನ್ನೂ ಅಪರಾಧವೆಂದು ಸಾರಿ, ಮೂರು ವರ್ಷಗಳವರೆಗಿನ ಸೆರೆವಾಸವನ್ನೋ ಎರಡು ಲಕ್ಷ ರೂಪಾಯಿಗಳವರೆಗಿನ ದಂಡವನ್ನೋ ಎರಡನ್ನೂ ಒಟ್ಟಿಗೋ ವಿಧಿಸಿದ್ದಿತು. ಅಪ್‌ಲಿಂಕಿನ ಏಜೆಂಟನು ಲಾಗುಗಳನ್ನು ಅಳಿಸಿ ಬರುವ ಕೊನೆಯ ಕ್ರಮವೂ ಈ ಮಾತುಗಳ ಕೈಗೆ ಸಿಕ್ಕೀತು. ಆಟ ಬಿಡುಗಡೆಯಾದ 2001ರಲ್ಲಿಯೇ ಬೆಂಗಳೂರಿನಲ್ಲಿ ಇಡೀ ರಾಜ್ಯದ ವ್ಯಾಪ್ತಿಯುಳ್ಳ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪಿತವಾಯಿತು. 2008ರ ತಿದ್ದುಪಡಿ, 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದು, ಆ ಪ್ರಕರಣವನ್ನು ವಿಸ್ತರಿಸಿ ದಂಡವನ್ನು ಐದು ಲಕ್ಷಕ್ಕೇರಿಸಿತು. ಇಂದು ಕೊಪ್ಪಳವೂ ಸೇರಿದಂತೆ ಜಿಲ್ಲೆಜಿಲ್ಲೆಯಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆಗಳಿವೆ. ಅವುಗಳ ಮುಂದೆ ಬರುವ ದೂರುಗಳಲ್ಲಿ ಅನೇಕವು ಒಟಿಪಿ ಕೇಳಿ ಹಣ ಲಪಟಾಯಿಸಿದಂಥವು. ಅಲ್ಲಿ ಮುರಿದುದು ಯಂತ್ರವಲ್ಲ, ಮನುಷ್ಯನ ನಂಬಿಕೆ. ಅಧಿಕಾರಿಗೆ ದೂರವಾಣಿ ಮಾಡಿ ಅವನಿಗರಿವಿಲ್ಲದಂತೆ ಅವನ ಕೀಲಿಯನ್ನು ಕಸಿಯುವ ಅಪ್‌ಲಿಂಕಿನ ತಂತ್ರವು, ಸಿನಿಮೀಯವೆಂದು ಹಳಿಸಿಕೊಂಡರೂ, ಉಳಿದೆಲ್ಲ ತಂತ್ರಗಳಿಗಿಂತ ವಾಸ್ತವಕ್ಕೆ ಸಮೀಪವಾದುದು.

ಇಂಟ್ರೊವರ್ಷನ್ ಮುಂದೆ ‘ಡಾರ್ವಿನಿಯಾ’ (2005), ‘ಡೆಫ್‌ಕಾನ್’ (2006) ಆಟಗಳನ್ನು ರಚಿಸಿತು. ಎರಡನೆಯದು ಮತ್ತೆ ‘ವಾರ್‌ಗೇಮ್ಸ್’ ಚಿತ್ರದ ಅಣುಯುದ್ಧದ ನಕಾಶೆಗೇ ಮರಳಿತು. ಉತ್ತರಾಧಿಕಾರಿಗಳ ಪೈಕಿ ಆಸ್ಟ್ರೇಲಿಯದ ಮ್ಯಾಟ್ ಟ್ರೊಬಿಯಾನಿ 2015ರಲ್ಲಿ ರಚಿಸಿದ ‘ಹ್ಯಾಕ್‌ನೆಟ್’ ಗಮನಾರ್ಹ. ಅದು ಗುಂಡಿಗಳನ್ನು ಬದಿಗಿಟ್ಟು, ಯುನಿಕ್ಸಿನ ಆಜ್ಞೆಗಳನ್ನು ಹೋಲುವ ಮಾತುಗಳನ್ನು ಆಟಗಾರನಿಂದ ಟೈಪು ಮಾಡಿಸುತ್ತದೆ. ‘ಹ್ಯಾಕ್‌ಮಡ್’ (2016) ಆಟಗಾರರನ್ನು ಪರಸ್ಪರರ ಮೇಲೆಯೇ ಬಿಟ್ಟರೆ, ಜ್ಯಾಕ್‌ಟ್ರಾನಿಕ್ಸ್ ಸಂಸ್ಥೆಯ ‘ಎಕ್ಸಾಪಂಕ್ಸ್’ (2018) ನಿಜವಾಗಿಯೂ ಪ್ರೋಗ್ರಾಂ ಬರೆಯಿಸುತ್ತದೆ. ವಾಸ್ತವತೆಯಲ್ಲಿ ಇವೆಲ್ಲವೂ ಅಪ್‌ಲಿಂಕನ್ನು ಮೀರಿಸಿವೆ. ಬೆನ್ನಟ್ಟುವವರ ಭೀತಿಯನ್ನು ಕಟ್ಟಿಕೊಡುವುದರಲ್ಲಿ ಅದನ್ನು ಮೀರಿಸಿದುದು ಯಾವುದೂ ಇಲ್ಲವೆಂದೇ ಈ ಲೇಖಕನ ಅಭಿಪ್ರಾಯ. 2006ರಿಂದ ‘ಸ್ಟೀಮ್’ ಮಾರುಕಟ್ಟೆಯಲ್ಲಿ ದೊರೆಯುತ್ತಿರುವ ಮೂಲ ಆಟವನ್ನು 2012ರಲ್ಲಿ ಐಪ್ಯಾಡಿಗೂ ಅಳವಡಿಸಲಾಯಿತು.