ಗುರುವಿನ ಪಾಲು

ಕಳವಾದಲ್ಲಿ ಬೆಳಗಿನ ಲೋಕಲ್ ಹಿಡಿದು ಥಾಣೆಯ ಕಡೆಗೋ ಕಲ್ಯಾಣದ ಕಡೆಗೋ ಪಾಠ ಮಾಡಲು ಹೋಗುವ ಯಾವ ಅಧ್ಯಾಪಕಿಗಾದರೂ ಬರಬಹುದಾದ ಫೋನ್ ಇದು. ಆ ಕಡೆ ಇರುವವರು ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದ ಮೇಷ್ಟ್ರು. "ನಿನ್ನ ಮೂರನೇ ಅಧ್ಯಾಯ ಹಾಗೇ ಇದೆಯಲ್ಲಮ್ಮ, ಇಬ್ಬರ ಹೆಸರಲ್ಲಿ ಒಂದು ಜರ್ನಲ್‌ಗೆ ಕಳಿಸೋಣ. ದುಡ್ಡು ಕಟ್ಟಿದರೆ ವಾರದಲ್ಲಿ ಬರುತ್ತೆ." ಹೂಂ ಎನ್ನಲು ಮನಸ್ಸಿಲ್ಲ, ಉಹೂಂ ಎನ್ನಲು ನಾಲಿಗೆ ಏಳುವುದಿಲ್ಲ.

ಈ ಇಕ್ಕಟ್ಟು ಒಬ್ಬ ಮೇಷ್ಟ್ರ ಆಸೆಯಿಂದ ಹುಟ್ಟಿದ್ದಲ್ಲ. 2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ 'ಎಪಿಐ' ಎಂಬ ಅಂಕ ಪದ್ಧತಿ ತಂದಿತು. ತಜ್ಞರು ಪರಿಶೀಲಿಸುವ ಜರ್ನಲ್ಲಿನ ಲೇಖನಕ್ಕೆ ಆಗ 15 ಅಂಕ. ಪರಿಶೀಲನೆ ಇಲ್ಲದಿದ್ದರೂ ಐಎಸ್‌ಎಸ್‌ಎನ್ ಸಂಖ್ಯೆ ಇದ್ದರೆ 10. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವನ್ನು ಗುರುತಿಸುವ ಸಂಖ್ಯೆಯಷ್ಟೇ, ಗುಣಮಟ್ಟದ ಮುದ್ರೆಯಲ್ಲ. ಜಂಟಿ ಲೇಖನವಾದರೆ ಅಂಕದ ಶೇ. 60 ಭಾಗವನ್ನು ಮೊದಲ ಲೇಖಕರೂ ಮಾರ್ಗದರ್ಶಕರೂ ಸಮನಾಗಿ ಹಂಚಿಕೊಳ್ಳಬೇಕಿತ್ತು, ಉಳಿದದ್ದು ಮಿಕ್ಕವರಿಗೆ. ಹೀಗೆ ಗುರುವಿನ ಪಾಲು ಸರ್ಕಾರಿ ಲೆಕ್ಕದಲ್ಲೇ ಬರೆದುಹೋಯಿತು. ಶಿಷ್ಯರ ಬರಹ ಗುರುಗಳ ಬಡ್ತಿಯ ಬಂಡವಾಳವಾಯಿತು.

ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಕಟ್ಟುಲೇಖನವೊಂದನ್ನು 304 ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು. ಹೈದರಾಬಾದಿನ ಓಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಮೊಕದ್ದಮೆ ಹೂಡಿತು. ತಜ್ಞ ಪರಿಶೀಲನೆ ಇದೆಯೆಂದು ನಂಬಿಸುತ್ತಾರೆ, ಶುಲ್ಕವನ್ನು ಮುಚ್ಚಿಡುತ್ತಾರೆ, ಲೇಖನ ವಾಪಸು ಕೇಳಿದರೆ ಬಿಡುವುದಿಲ್ಲ ಎಂಬುದು ದೂರು. 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಮೊತ್ತ ಕಟ್ಟುವಂತೆ ತೀರ್ಪು ಕೊಟ್ಟಿತು.

ಯುಜಿಸಿ ಕಂಡುಕೊಂಡ ಮದ್ದು ಪಟ್ಟಿ. 2017ರ ಜನವರಿಯಲ್ಲಿ 38,653 ಜರ್ನಲ್‌ಗಳಿಗೆ ಮಾನ್ಯತೆ ಸಿಕ್ಕಿತು. ಆದರೆ ಪಟ್ಟಿಯಲ್ಲಿನ ಕೆಲವನ್ನು ಸೂಚಿಸಿದ್ದು ವಿಶ್ವವಿದ್ಯಾಲಯಗಳೇ. ಹಾಗೆ ಬಂದ 1,009 ಜರ್ನಲ್‌ಗಳನ್ನು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಜಾಲಾಡಿದಾಗ ಶೇ. 88ರಷ್ಟು ಕಳಪೆ ಎಂದು ಕಂಡಿತು. 2018ರ ಮೇ ತಿಂಗಳಲ್ಲಿ 4,305 ಹೆಸರುಗಳು ಹೊರಬಿದ್ದವು. 2019ರಲ್ಲಿ 'ಕೇರ್' ಎಂಬ ಹೊಸ ಪಟ್ಟಿ ಬಂತು. 2022ರ ನಿಯಮ ಪಿಎಚ್.ಡಿ.ಗೆ ಮುಂಚೆ ಲೇಖನ ಪ್ರಕಟಿಸಲೇಬೇಕೆಂಬ ಕಟ್ಟಳೆಯನ್ನು ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯೂ ನಿಂತಿತು. ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ನೋಡುವ ಹೊಣೆ ಮತ್ತೆ ವಿಶ್ವವಿದ್ಯಾಲಯ, ಅಧ್ಯಾಪಕರ ಹೆಗಲಿಗೇ ಬಂತು.

ಎಂದರೆ, ಇಂದು ಆ ಫೋನಿಗೆ ಯಾವ ಪಟ್ಟಿಯೂ ಉತ್ತರ ಕೊಡುವುದಿಲ್ಲ. ಅಧ್ಯಾಪಕಿಯೇ ಕೊಡಬೇಕು.

ಮೇಷ್ಟ್ರ ಋಣ ಸುಳ್ಳಲ್ಲ. ಕರಡು ತಿದ್ದಿದವರು, ಸಹಿ ಹಾಕಿದವರು, ನಾಳೆ ಶಿಫಾರಸು ಪತ್ರ ಬರೆಯಬೇಕಾದವರು ಅವರೇ. ಆದರೆ ಅಧ್ಯಾಯವೂ ಒಂದೇ ಇರುವುದು. ಹಣ ಕಟ್ಟಿ ಒಮ್ಮೆ ಅಚ್ಚಾದದ್ದನ್ನು ಒಳ್ಳೆಯ ಜರ್ನಲ್ ಮತ್ತೆ ಮುಟ್ಟುವುದಿಲ್ಲ. ಐದು ವರ್ಷದ ದುಡಿಮೆ ಯಾರೂ ಓದದ ಕಡೆ ಹೂತುಹೋಗುತ್ತದೆ, ಹೆಸರು ಮಾತ್ರ ಹುಡುಕಿದವರಿಗೆಲ್ಲ ಸಿಗುತ್ತದೆ.

ಅವಳ ಕೈಯಲ್ಲಿರುವ ಬಲ ಸಣ್ಣದು, ಆದರೆ ಗಟ್ಟಿ. ಲೇಖಕರೆಲ್ಲರ ಒಪ್ಪಿಗೆ ಇಲ್ಲದೆ ಲೇಖನ ಕಳಿಸಬಾರದು ಎಂಬುದು ಪ್ರಕಟಣೆಯ ಮೂಲ ನೀತಿ. "ಸರ್, ಈ ಜರ್ನಲ್‌ಗೆ ನನ್ನ ಒಪ್ಪಿಗೆ ಇಲ್ಲ. ಬೇರೆ ಎರಡು ಹುಡುಕಿದ್ದೇನೆ, ತಡವಾಗುತ್ತೆ, ನೀವೇ ಒಮ್ಮೆ ನೋಡಿ" ಎಂದು ಕಾಗದದಲ್ಲಿ ಬರೆದು ಕಳಿಸಬಹುದು. ಜರ್ನಲ್ ಬೇಡವೆಂದರೆ ಗುರುವನ್ನೇ ಬೇಡವೆಂದಂತಲ್ಲ. ಬಹುಶಃ ಪುರಾವೆಯಿಲ್ಲದ ಮಾತು ಒಪ್ಪಬೇಡ ಎಂದು ಮೊದಲು ಹೇಳಿಕೊಟ್ಟವರೂ ಅದೇ ಮೇಷ್ಟ್ರು.